ಪ್ರಯೋಗಶಾಲೆಯ ಹದ

ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾದಲ್ಲಿ ಗುರುತ್ವ ತರಂಗಗಳನ್ನು ಅಳೆಯುವ ವೀಕ್ಷಣಾಲಯವನ್ನು ಕಟ್ಟಲು ಕೇಂದ್ರ ಸಚಿವ ಸಂಪುಟವು 2023ರ ಏಪ್ರಿಲಿನಲ್ಲಿ ಒಪ್ಪಿಗೆಯಿತ್ತಿತು. ವೆಚ್ಚ ಸುಮಾರು 2,600 ಕೋಟಿ ರೂಪಾಯಿ. ನಾಲ್ಕು ನಾಲ್ಕು ಕಿಲೋಮೀಟರು ಉದ್ದದ ಎರಡು ತೋಳುಗಳು, ಅಮೆರಿಕದಿಂದ ಬರಬೇಕಾದ ಉಪಕರಣಗಳು, ಇವನ್ನೆಲ್ಲ ಪತ್ರಿಕೆಗಳು ಸಂತೋಷದಿಂದಲೇ ವರ್ಣಿಸಿದವು. ಆ ವರದಿಗಳನ್ನು ಓದುತ್ತ ನನ್ನ ಮನಸ್ಸಿಗೆ ಬಂದ ಪ್ರಶ್ನೆ ಬೇರೆ. ಯಂತ್ರವೇನೋ ಪೆಟ್ಟಿಗೆಯಲ್ಲಿ ಬರುತ್ತದೆ. ಅದನ್ನು ಪಳಗಿಸುವ ಕೈ ಯಾವ ದಾರಿಯಿಂದ ಬರುತ್ತದೆ?

ಪ್ರಶ್ನೆ ಕುಚೋದ್ಯದ್ದಲ್ಲ. ಅಮೆರಿಕದ ಲೈಗೋ ವೀಕ್ಷಣಾಲಯಗಳಲ್ಲಿ ನಲವತ್ತು ಕಿಲೋಗ್ರಾಂ ತೂಕದ ಒಂದೊಂದು ಕನ್ನಡಿಯೂ ಗಾಜಿನಂಥ ಸಿಲಿಕಾದ ನಾಲ್ಕೇ ಎಳೆಗಳ ಮೇಲೆ ತೂಗುತ್ತದೆ. ಎಳೆಯ ದಪ್ಪ ಅರ್ಧ ಮಿಲಿಮೀಟರೂ ಇಲ್ಲ. ಮೈಗೆ ಏನಾದರೂ ತಾಗಿತೆಂದರೆ ಅದರ ಬಲ ಕುಂದುತ್ತದೆ. ಈ ಎಳೆಗಳನ್ನು ಎಳೆದು ಬೆಸೆಯುವ ವಿದ್ಯೆಯನ್ನು ಬೆಳೆಸಿದವರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದವರು ಮುಖ್ಯರು. ಅವರ ಬರಹಗಳು ಹೋದವು ಎನ್ನುವುದಷ್ಟೇ ಸಾಲದು. ಅವರೇ ಅಮೆರಿಕಕ್ಕೆ ಹೋಗಿ ಕೈಹಾಕಿದರು.

ಅದೇ ಗ್ಲಾಸ್ಗೋದವರು ಒಮ್ಮೆ ಶಿಷ್ಯರಾಗಿ ಕುಳಿತ ಕಥೆಯೂ ಇದೆ. ಇಂಥ ಕನ್ನಡಿಗಳಿಗೆ ನೀಲಮಣಿಯ ಹರಳು ತಕ್ಕುದೇ ಎಂಬ ಚರ್ಚೆ ಆಗ ನಡೆದಿತ್ತು. ಗಂಟೆಯನ್ನು ಒಮ್ಮೆ ಬಾರಿಸಿದರೆ ಅದರ ನಾದ ಎಷ್ಟು ಹೊತ್ತು ಉಳಿಯುತ್ತದೆ ಎಂದು ನೋಡುವಂತೆ, ಹರಳನ್ನು ನಿರ್ವಾತದಲ್ಲಿ ದಾರದ ಕುಣಿಕೆಯಿಂದ ತೂಗಿಸಿ, ಕಂಪಿಸುವಂತೆ ಮಾಡಿ, ಕಂಪನ ಅಡಗುವ ಕಾಲವನ್ನು ಅಳೆಯಬೇಕು. ಮಾಸ್ಕೋ ವಿಶ್ವವಿದ್ಯಾಲಯದ ಬ್ರಗಿನ್ಸ್ಕಿಯವರ ತಂಡವು ಈ ಗುಣಾಂಕವು ಹತ್ತು ಕೋಟಿಗೂ ಮೇಲೆಂದು ಬಹಳ ಹಿಂದೆಯೇ ಪ್ರಕಟಿಸಿತ್ತು. ಪಶ್ಚಿಮದಲ್ಲಿ ಸುಮಾರು ಇಪ್ಪತ್ತು ವರ್ಷ ಯಾರಿಗೂ ಅದು ಸಾಧಿಸಲಿಲ್ಲ. ರಷ್ಯನ್ನರ ಅಂಕಿಗಳ ಮೇಲೆಯೇ ಶಂಕೆ ಹುಟ್ಟಿತು. ಕೊನೆಗೆ ಮಾಸ್ಕೋದ ವಿಜ್ಞಾನಿಯೊಬ್ಬರು ಗ್ಲಾಸ್ಗೋಗೆ ಬಂದು, ಅಲ್ಲಿಯವರ ಪಕ್ಕದಲ್ಲಿ ನಿಂತು ದುಡಿದ ಮೇಲೆ, 1999ರ ಬೇಸಗೆಯಲ್ಲಿ ಅಳತೆ ಕೈಗೂಡಿತು.

ಪಕ್ಕದಲ್ಲಿ ನಿಂತವರು ಕಂಡದ್ದೇನು? ದಾರ ಎಂಥದೆಂಬುದು ಮುಖ್ಯ. ನವುರಾದ ರೇಷ್ಮೆಯ ಎಳೆ ಆಗಬಹುದು. ಅದಕ್ಕೆ ಜಿಡ್ಡಿನ ಸೋಂಕು ಬೇಕು. ಹೆಚ್ಚಾದರೂ ಕೆಡುತ್ತದೆ, ಕಡಮೆಯಾದರೂ ಕೆಡುತ್ತದೆ. ಆ ರಷ್ಯನ್ ವಿಜ್ಞಾನಿ ಎಳೆಯನ್ನು ತಮ್ಮ ಮೂಗಿನ ಮೇಲೋ ಕಿವಿಯ ಹಿಂದೆಯೋ ಒಮ್ಮೆ ಸವರಿಕೊಳ್ಳುತ್ತಿದ್ದರು! ಇದನ್ನೆಲ್ಲ ಕಣ್ಣಾರೆ ನೋಡಿ 2001ರಲ್ಲಿ ಬರೆದವರು ಸಮಾಜಶಾಸ್ತ್ರಜ್ಞರಾದ ಹ್ಯಾರಿ ಕಾಲಿನ್ಸ್. ಒಬ್ಬಟ್ಟಿನ ಹೂರಣಕ್ಕೆ ಬೆಲ್ಲದ ಪಾಕ ಯಾವಾಗ ಸರಿಯಾಯಿತೆಂದು ತಾಯಿ ಮಗಳಿಗೆ ಹೇಳುವುದಿಲ್ಲ, ಬೆರಳಿನಲ್ಲಿ ಎಳೆದು ತೋರಿಸುತ್ತಾಳೆ. ನಾವು ಅದನ್ನು ಹದ ಎನ್ನುತ್ತೇವೆ. ರಸಾಯನಶಾಸ್ತ್ರಜ್ಞರಾಗಿದ್ದು ಬಳಿಕ ತತ್ತ್ವಚಿಂತಕರಾದ ಮೈಕೆಲ್ ಪೊಲಾನ್ಯಿ 1958ರಲ್ಲಿ ದೊಡ್ಡ ಗ್ರಂಥವನ್ನೇ ಬರೆದು ಸ್ಥಾಪಿಸಿದ ವಿಚಾರವನ್ನು ಈ ಎರಡಕ್ಷರದ ಮಾತು ಬಹುಮಟ್ಟಿಗೆ ಒಳಕೊಂಡಿದೆ ಎಂದು ನನಗೆ ತೋರುತ್ತದೆ.

ಇದು ಭೌತಶಾಸ್ತ್ರಕ್ಕೆ ಮಾತ್ರ ಅಂಟಿದ ಸಂಗತಿಯಲ್ಲ. ಬರ್ಕ್ಲಿಯಲ್ಲೊಂದು, ಬಾಸ್ಟನ್ನಿನಲ್ಲೊಂದು ಪ್ರಯೋಗಶಾಲೆಗಳು ಸ್ತನದ ಅಂಗಾಂಶದಿಂದ ಜೀವಕೋಶಗಳನ್ನು ಬಿಡಿಸಿ ವಿಂಗಡಿಸುತ್ತಿದ್ದವು. ವಿಧಾನ ಒಂದೇ, ಫಲಿತಾಂಶ ಮಾತ್ರ ಹೊಂದಲೊಲ್ಲದು. ಇಬ್ಬರೂ ಒಂದೇ ಮೇಜಿನ ಬಳಿ ನಿಂತಾಗ ಗುಟ್ಟು ಹೊರಬಿತ್ತು: ಒಂದು ಕಡೆಯವರು ದ್ರವವನ್ನು ಜೋರಾಗಿ ಕಲಕುತ್ತಿದ್ದರು, ಇನ್ನೊಂದು ಕಡೆಯವರು ಮೆಲ್ಲಗೆ ಬಹಳ ಹೊತ್ತು ತೂಗುತ್ತಿದ್ದರು. 2014ರಲ್ಲಿ ಇಬ್ಬರೂ ಸೇರಿ ಇದನ್ನು ಪ್ರಕಟಿಸಿದರು. ಇಂಥ ಪ್ರಾಮಾಣಿಕತೆ ವಿರಳ.

ರಾಮನ್ನರಿಗೆ ಯಾವ ಗುರುವಿದ್ದ ಎಂದು ಕೆಲವರು ಕೇಳಿಯಾರು. ನಿಜ. 1907ರಿಂದ ಹತ್ತು ವರ್ಷ ಹಣಕಾಸು ಇಲಾಖೆಯ ಅಧಿಕಾರಿಯಾಗಿದ್ದುಕೊಂಡು, ಕಚೇರಿಯ ಮುಂಚೆ ಮತ್ತು ಆಮೇಲೆ ಕಲ್ಕತ್ತೆಯ ವಿಜ್ಞಾನ ಸಂಘದಲ್ಲಿ ದುಡಿದು ಅವರು ತಮಗೆ ತಾವೇ ಕಲಿಸಿಕೊಂಡರು. ಆದರೆ ಆ ಸ್ವಯಂಶಿಕ್ಷಣಕ್ಕೆ ಬೇಕಾದುದು ಅಲ್ಲಿತ್ತು. ಹೊತ್ತುಗೊತ್ತಿಲ್ಲದೆ ತೆರೆಯುವ ಬಾಗಿಲು, ಮುಟ್ಟಿ ಕೆಡಿಸಿ ಸರಿಪಡಿಸಬಹುದಾದ ಉಪಕರಣಗಳು, ಆಶುತೋಷ ಡೇ ಎಂಬ ಸಹಾಯಕ. ಒಂಟಿಯಾಗಿ ಕಲಿತವನ ಹಿಂದೆಯೂ ಇನ್ನೊಬ್ಬನ ಕೈ ಇರುತ್ತದೆ.

ನನ್ನ ಹಿಂದೆಯೂ ಒಂದು ಕೈ ಇತ್ತು. ನಾನು ಪದವಿ ತರಗತಿಯ ಭೌತಶಾಸ್ತ್ರದ ಅಧ್ಯಾಪಕ. ವಿದ್ಯಾರ್ಥಿಯಾಗಿದ್ದಾಗ ನ್ಯೂಟನ್ನನ ಉಂಗುರಗಳು ಎರಡು ಮಧ್ಯಾಹ್ನ ನನಗೆ ಕಾಣಲೇ ಇಲ್ಲ. ಪುಸ್ತಕದಲ್ಲಿ ಹೇಳಿದ್ದನ್ನೆಲ್ಲ ಮಾಡಿದ್ದೆ. ಅಟೆಂಡರು ಬಂದರು, ಮಸೂರಕ್ಕೆ ಉಸಿರೂದಿ, ಹಳೆಯ ಪಂಚೆಯ ಚೂರಿನಿಂದ ಒರಸಿ, ಗಾಜಿನ ಫಲಕವನ್ನು ಕೂದಲೆಳೆಯಷ್ಟು ಓರೆ ಮಾಡಿದರು. ಹಳದಿ ಬೆಳಕಿನಲ್ಲಿ ಉಂಗುರಗಳು ಮೂಡಿದವು. ಅವರು ಓದಿದ್ದು ಏಳನೆಯ ತರಗತಿಯವರೆಗೆ. ಮುಂದೆ ಅದೇ ಕಾಲೇಜಿಗೆ ನಾನು ಪಾಠ ಹೇಳಲು ಬಂದೆ, ಅವರು ನಿವೃತ್ತರಾದರು, ಅವರ ಜಾಗ ಇಂದಿಗೂ ಖಾಲಿ.

2020ರಲ್ಲಿ ಬಾಗಿಲುಗಳು ಮುಚ್ಚಿದಾಗ ನಮ್ಮ ಹುಡುಗರು ಪ್ರಯೋಗವನ್ನು ಕಂಪ್ಯೂಟರಿನ ಪರದೆಯ ಮೇಲೆ ಮಾಡಿದರು. ನಾನು ಅದನ್ನು ಹಳಿಯುವುದಿಲ್ಲ. ತತ್ತ್ವ ತಿಳಿಯಲು ಅದರಿಂದ ಸಹಾಯವುಂಟು. ಆದರೆ ಪರದೆಯ ಮೇಲೆ ಉಂಗುರಗಳು ಯಾವಾಗಲೂ ಕಾಣುತ್ತವೆ. ಕಾಣದಿದ್ದಾಗ ಏನು ಮಾಡಬೇಕೆಂಬುದೇ ಕಲಿಯಬೇಕಾದ ವಿದ್ಯೆ. ಅದನ್ನು ಕಲಿಯದವನು ಪರೀಕ್ಷೆಯ ದಿನ ಏನು ಮಾಡುತ್ತಾನೆಂಬುದು ಅಧ್ಯಾಪಕರಿಗೆಲ್ಲ ಗೊತ್ತು: ಬರಬೇಕಾದ ಉತ್ತರವನ್ನು ಮೊದಲು ಬರೆದು, ಹಿಂದಕ್ಕೆ ಲೆಕ್ಕ ಹಾಕಿ ಅಳತೆಗಳನ್ನು ತುಂಬುತ್ತಾನೆ. ನಾವೂ ಅಂಕ ಕೊಡುತ್ತೇವೆ. ಸುಳ್ಳಿನ ಮೊದಲ ಪಾಠ ಹೀಗೆ ಪ್ರಯೋಗಶಾಲೆಯಲ್ಲಿಯೇ ಆಗುತ್ತದೆ. ಔಂಢಾದ ಕನ್ನಡಿಗಳ ಬಳಿಗೆ ನಾಳೆ ಹೋಗಬೇಕಾದವರು ಇಂಥ ಕಾಲೇಜುಗಳಿಂದಲೇ ಬರಬೇಕು. ಕೋಟಿಗಳ ಲೆಕ್ಕದಲ್ಲಿ ಸಹಾಯಕರ ಸಂಬಳಕ್ಕೂ, ಎಳೆಯರನ್ನು ನುರಿತವರ ಪಕ್ಕದಲ್ಲಿ ವರ್ಷಗಟ್ಟಲೆ ನಿಲ್ಲಿಸುವುದಕ್ಕೂ ಒಂದು ಪಾಲು ಇರದಿದ್ದರೆ ಯಂತ್ರಗಳು ಪೆಟ್ಟಿಗೆಯಲ್ಲಿದ್ದಂತೆಯೇ ಇದ್ದಾವು.

ನಮ್ಮ ಆ ಹಳೆಯ ಅಟೆಂಡರು ನಾನು ಕೇಳಿಕೊಂಡದ್ದರಿಂದ ಈಗ ಶನಿವಾರಗಳಂದು ಬರುತ್ತಾರೆ. ಹುಡುಗರು ಅವರ ಸುತ್ತ ನಿಲ್ಲುತ್ತಾರೆ. ಬಸ್ಸಿನ ಖರ್ಚನ್ನಾದರೂ ಕೊಡಿಸೋಣವೆಂದು ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿದೆ. ಅಂಥ ವೆಚ್ಚಕ್ಕೆ ಲೆಕ್ಕಪುಸ್ತಕದಲ್ಲಿ ಶೀರ್ಷಿಕೆಯಿಲ್ಲವಂತೆ.