ಸಕ್ಕರೆ ಕಾಯಿಲೆ ಇಲ್ಲ, ಆದರೂ ಸಕ್ಕರೆ ಮಾತ್ರೆ!

ಬೆಂಗಳೂರಿನ ಯಾವುದೇ ಬಡಾವಣೆಯ ಮೆಡಿಕಲ್ ಸ್ಟೋರಿನ ಮುಂದೆ ಸಂಜೆ ಹತ್ತು ನಿಮಿಷ ನಿಲ್ಲಿ. ಇಪ್ಪತ್ತರ ಹುಡುಗಿಯೊಬ್ಬಳು ಚೀಟಿ ಚಾಚುತ್ತಾಳೆ. ಅಂಗಡಿಯವನು ಮೆಟ್‌ಫಾರ್ಮಿನ್ ಶೀಟು ಎತ್ತಿಕೊಡುತ್ತಾ, ಇಡೀ ರಸ್ತೆಗೆ ಕೇಳುವಂತೆ, "ಇಷ್ಟು ಚಿಕ್ಕ ವಯಸ್ಸಿಗೇ ಶುಗರ್ರಾಮ್ಮಾ?" ಎನ್ನುತ್ತಾನೆ. ಆಕೆ ತಲೆ ತಗ್ಗಿಸಿ ದುಡ್ಡು ಕೊಟ್ಟು ಹೊರಡುತ್ತಾಳೆ. ಮನೆಯಲ್ಲಿ ಆ ಶೀಟು ಬೀರುವಿನ ಬಟ್ಟೆಗಳ ಅಡಿ ಸೇರುತ್ತದೆ. ಅಮ್ಮ ನೋಡಿದರೆ ಗಾಬರಿ, ಅಜ್ಜಿ ನೋಡಿದರೆ ಗೋಳು, ಗಂಡಿನ ಕಡೆಯವರಿಗೆ ಗೊತ್ತಾದರೆ ಕಥೆ ಮುಗಿಯಿತು.

ಆಕೆಗೆ ಸಕ್ಕರೆ ಕಾಯಿಲೆ ಇಲ್ಲ. ಇರುವುದು ಪಿಸಿಓಎಸ್. ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಇದು ಇರುತ್ತದೆ. ನಿಮ್ಮ ಬಿಎಂಟಿಸಿ ಬಸ್ಸಿನ ಮುಂಭಾಗದಲ್ಲಿ ಎಷ್ಟು ಜನ ನಿಂತಿರುತ್ತಾರೆ, ನೀವೇ ಲೆಕ್ಕ ಹಾಕಿಕೊಳ್ಳಿ. 1935ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಸ್ಟೀನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಹೆಂಗಸರ ವಿಷಯ ಬರೆದಾಗಿನಿಂದ ಇದು ವೈದ್ಯರಿಗೆ ಗೊತ್ತಿರುವ ಕಾಯಿಲೆ. ಹೆಸರೇ ದಾರಿ ತಪ್ಪಿಸುತ್ತದೆ. ಸ್ಕ್ಯಾನ್‌ನಲ್ಲಿ ಕಾಣುವ ಗುಳ್ಳೆಗಳು ಗಡ್ಡೆಗಳಲ್ಲ. ಅರ್ಧಕ್ಕೇ ಬೆಳವಣಿಗೆ ನಿಂತ ಅಂಡಕೋಶಗಳು. ಆಪರೇಷನ್ ಮಾಡಿ ತೆಗೆಸುವಂಥದ್ದು ಅಲ್ಲೇನೂ ಇಲ್ಲ.

ಹಾಗಾದರೆ ಸಕ್ಕರೆ ಮಾತ್ರೆಗೂ ಮುಟ್ಟಿಗೂ ಎಲ್ಲಿಯ ನಂಟು? ವೈದ್ಯರು "ಇನ್ಸುಲಿನ್ ರೆಸಿಸ್ಟೆನ್ಸ್ ಇದೆ" ಎಂದು ಒಂದೇ ಉಸಿರಲ್ಲಿ ಹೇಳಿ ಮುಂದಿನ ಪೇಷೆಂಟನ್ನು ಕರೆಯುತ್ತಾರೆ. ಹುಡುಗಿ ಅದನ್ನು ಮನೆಯಲ್ಲಿ ಯಾವ ಮಾತಿನಲ್ಲಿ ಹೇಳಬೇಕು? ನಾವು ಹೇಳುತ್ತೇವೆ ಕೇಳಿ. ತಾಯಿ ಮಗನನ್ನು ಕೂಗುತ್ತಾಳೆ, ಮಗ ಓಗೊಡುವುದಿಲ್ಲ. ಅವಳು ಇನ್ನೂ ಜೋರಾಗಿ ಕೂಗುತ್ತಾಳೆ. ಮಗ ಕಿವುಡನಂತೆ ಕೂತೇ ಇದ್ದಾನೆ, ಪಕ್ಕದ ಮನೆಯವರು ಮಾತ್ರ ಬೆಚ್ಚಿಬೀಳುತ್ತಾರೆ. ಇಲ್ಲಿ ಓಗೊಡದ ಮಗ ನಮ್ಮ ಸ್ನಾಯು ಮತ್ತು ಯಕೃತ್ತು. ಪಕ್ಕದ ಮನೆ ಅಂಡಾಶಯ. ಹೆಚ್ಚಾದ ಇನ್ಸುಲಿನ್ ಕೇಳಿದ ಅಂಡಾಶಯ ಗಂಡು ಹಾರ್ಮೋನನ್ನು ಜಾಸ್ತಿ ತಯಾರಿಸುತ್ತದೆ. ಗಲ್ಲದ ಮೇಲೆ ಕೂದಲು, ಮೊಡವೆ, ತಿಂಗಳುಗಟ್ಟಲೆ ಬಾರದ ಮುಟ್ಟು, ಎಲ್ಲ ಅದರ ಹಿಂದೆಯೇ. ಕುತ್ತಿಗೆಯ ಹಿಂದಿನ ಕಪ್ಪು ಪಟ್ಟಿ ಕೂಡ ಹೆಚ್ಚಾಗಿ ಇನ್ಸುಲಿನ್ನಿನದೇ ಗುರುತು. ಅಮ್ಮಂದಿರು ಅದನ್ನು ಕೊಳೆ ಎಂದುಕೊಂಡು ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ಉಜ್ಜಿ ಉಜ್ಜಿ ಮಗಳ ಚರ್ಮ ಸುಲಿಯುತ್ತಾರೆ!

ಮೆಟ್‌ಫಾರ್ಮಿನ್ ಈ ಕೂಗಾಟವನ್ನು ತಗ್ಗಿಸುತ್ತದೆ. ಇದೇನೂ ನಿನ್ನೆ ಮೊನ್ನೆಯ ಔಷಧಿಯಲ್ಲ. ಗಲೀಗಾ ಎಂಬ ಯೂರೋಪಿನ ಗಿಡವೊಂದರ ರಸಾಯನದ ಜಾಡು ಹಿಡಿದು 1922ರಲ್ಲಿ ಡಬ್ಲಿನ್‌ನಲ್ಲಿ ಇದನ್ನು ತಯಾರಿಸಿದರು. 1957ರಲ್ಲಿ ಫ್ರಾನ್ಸಿನ ಜ್ಯಾನ್ ಸ್ಟರ್ನ್ ಇದನ್ನು ಸಕ್ಕರೆ ಕಾಯಿಲೆಗೆ ಕೊಟ್ಟರು. 1994ರಲ್ಲಿ ವೆನೆಜುವೆಲಾದ ವೈದ್ಯರು ಪಿಸಿಓಎಸ್‌ಗೆ ಕೊಟ್ಟು ನೋಡಿದರು. ಬೆಲೆಯೂ ಕಡಿಮೆ. ಹಾಗೆಂದು ಪವಾಡದ ಮಾತ್ರೆಯೂ ಅಲ್ಲ. ತೂಕ ಇಳಿದರೂ ಸ್ವಲ್ಪವೇ, ಗಲ್ಲದ ಕೂದಲಿಗೆ ಇದರಿಂದ ಅಷ್ಟೇನೂ ಆಗದು, ಮುಟ್ಟು ಸರಿಹೋಗಲು ತಿಂಗಳುಗಳೇ ಬೇಕು. ನಡಿಗೆ, ವ್ಯಾಯಾಮ, ಊಟದ ಹದ ಜೊತೆಗಿರಲೇಬೇಕು. ಕೆಲವರಿಗೆ ಬೇರೆ ಮಾತ್ರೆಯೇ ಸರಿ. ಅದನ್ನು ವೈದ್ಯರು ತೀರ್ಮಾನಿಸಬೇಕು, ಎದುರುಮನೆ ಆಂಟಿಯಲ್ಲ.

ಈಗ ನಮ್ಮ ಸಿಟ್ಟಿನ ವಿಷಯ. ಶೀಟಿನ ಮೇಲೆ ಇರುವೆ ಗಾತ್ರದ ಇಂಗ್ಲಿಷ್. ಊಟದ ಜೊತೆ ನುಂಗಬೇಕು ಎಂದು ಕನ್ನಡದಲ್ಲಿ ಯಾರೂ ಹೇಳಿರುವುದಿಲ್ಲ. ಹುಡುಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುತ್ತಾಳೆ. ಹೊಟ್ಟೆ ತೊಳೆಸುತ್ತದೆ, ಭೇದಿಯಾಗುತ್ತದೆ. ನಾಲ್ಕನೇ ದಿನ ಮಾತ್ರೆ ಕಸದ ಬುಟ್ಟಿಗೆ, ಹುಡುಗಿ "ಹದಿನೈದು ದಿನದಲ್ಲಿ ಗ್ಯಾರಂಟಿ" ಎನ್ನುವ ಪುಡಿ ಮಾರುವವನ ಬಾಗಿಲಿಗೆ. ಸಣ್ಣ ಡೋಸಿನಿಂದ ಶುರುಮಾಡಿ ನಿಧಾನವಾಗಿ ಏರಿಸಿದರೆ ಈ ಕಾಟ ಬಹುಪಾಲು ತಗ್ಗುತ್ತದೆ. ನಿಧಾನವಾಗಿ ಕರಗುವ ಮಾತ್ರೆಯೂ ಇದೆ. ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಕಡಿಮೆಯಾಗಬಹುದು. ಮೊದಲೇ ಅದು ಸಾಲದ ಸಸ್ಯಾಹಾರಿಗಳು ರಕ್ತ ಪರೀಕ್ಷೆ ಮಾಡಿಸಬೇಕು. ಮೂತ್ರಪಿಂಡದ ತೊಂದರೆ ಇರುವವರು ಮೊದಲೇ ಹೇಳಬೇಕು. ಇನ್ನೊಂದು ಮಾತು, ಯಾರೂ ಬಾಯಿಬಿಡದ್ದು: ಮಾತ್ರೆ ಕೆಲಸ ಮಾಡತೊಡಗಿದರೆ ಮುಟ್ಟು ಬರುವ ಮುಂಚೆಯೇ ಅಂಡ ಬಿಡುಗಡೆಯಾಗಬಹುದು. "ನನಗೆ ಹೇಗೂ ಮಕ್ಕಳಾಗಲ್ಲ" ಎಂದು ನಂಬಿ ಕೂತವರು ಗರ್ಭಿಣಿಯಾದದ್ದಿದೆ.

"ಮದುವೆಯಾದರೆ ಎಲ್ಲ ಸರಿಹೋಗುತ್ತೆ" ಎನ್ನುವ ಹಿರಿಯರಿಗೂ ಒಂದು ಮಾತು. ಮೂರು ತಿಂಗಳು ಮುಟ್ಟು ಬರಲಿಲ್ಲವೆಂದರೆ ವೈದ್ಯರ ಹತ್ತಿರ ಹೋಗಬೇಕು, ಜೋಯಿಸರ ಹತ್ತಿರವಲ್ಲ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಗರ್ಭಕೋಶದ ಒಳಪದರ ದಪ್ಪಗಾಗಿ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಇಂದು ಇಲ್ಲದ ಸಕ್ಕರೆ ಕಾಯಿಲೆ ನಾಳೆ ನಿಜವಾಗಿಯೇ ಬಂದೀತು. ತೆಳ್ಳಗಿರುವವರಿಗೂ ಪಿಸಿಓಎಸ್ ಬರುತ್ತದೆ, "ನೀನು ದಪ್ಪಗಿಲ್ಲವಲ್ಲ" ಎಂದು ಸಮಾಧಾನ ಹೇಳಬೇಡಿ.

ಹುಡುಗರೇ, ನೀವೂ ಕೇಳಿಸಿಕೊಳ್ಳಿ. ಅಕ್ಕನೋ ತಂಗಿಯೋ ಚೀಟಿ ಕೊಟ್ಟರೆ ಮುಜುಗರಪಡದೆ ಹೋಗಿ ತನ್ನಿ. ಎಷ್ಟು ಹೊತ್ತಿಗೆ, ಊಟಕ್ಕೆ ಮುಂಚೆಯೋ ಜೊತೆಗೋ, ವಾಂತಿಯಾದರೆ ಏನು ಮಾಡಬೇಕು ಎಂದು ಕನ್ನಡದಲ್ಲೇ ಕೇಳಿ. ಮಾತ್ರೆಯ ಕವರಿನ ಮೇಲೆ ಕನ್ನಡದಲ್ಲೇ ಎರಡು ಸಾಲು ಬರೆಸಿಕೊಳ್ಳಿ. ಬಾಲ್ ಪೆನ್ನು ಅಂಗಡಿಯವನ ಕಿಸೆಯಲ್ಲೇ ಇರುತ್ತದೆ.