ತಲೆಕಟ್ಟೂ ಜಬರೂ

ಕಾಗುಣಿತ ಬಾರದ ಕನ್ನಡದ ಮಗುವಿಗೆ ಅಕ್ಷರ ಬಂದೂ ಬಾರದಂತೆಯೇ ಸರಿ. ಅರಬ್ಬಿಯಲ್ಲಾದರೋ ದೊಡ್ಡವರ ಬರವಣಿಗೆ ಕಾಗುಣಿತವನ್ನೇ ಬಿಟ್ಟು ನಡೆಯುತ್ತದೆ! ಅಲ್ಲಿಯ 28 ಅಕ್ಷರಗಳೂ ಮೂಲತಃ ವ್ಯಂಜನಗಳೇ. ಹ್ರಸ್ವಸ್ವರಗಳನ್ನು ಓದುಗನೇ ಸಂದರ್ಭವರಿತು ತುಂಬಿಕೊಳ್ಳಬೇಕು. ಭಾಷೆ ಬಲ್ಲವನಿಗೆ ಇದು ಸುಲಭ. ಅಕ್ಕಿಆಲೂರಿನಂಥ ಊರಿನಲ್ಲಿ, ಹಗಲು ಕನ್ನಡ ಶಾಲೆಯಲ್ಲಿ ಕಲಿತು ಬಂದು ಸಂಜೆ ಅರಬ್ಬೀ ಪಾಠಕ್ಕೆ ಕೂರುವ ಮಗುವಿಗೆ ಇದು ಸಾಧ್ಯವೇ?

ಅದರ ಕೈಹಿಡಿಯುವವು ಸ್ವರಚಿಹ್ನೆಗಳು. ಅಕ್ಷರದ ಮೇಲಿನ ಓರೆಗೆರೆ 'ಜಬರ್', ನಮ್ಮ ತಲೆಕಟ್ಟು. ಕೆಳಗಿನ ಗೆರೆ 'ಜೇರ್', ನಮ್ಮ ಗುಡಿಸು. ಮೇಲಿನ ಪುಟ್ಟ ಕೊಕ್ಕೆ 'ಪೇಶ್', ನಮ್ಮ ಕೊಂಬು. ದ್ವಿತ್ವಕ್ಕೆ 'ತಶ್ದೀದ್', ಸ್ವರವಿಲ್ಲದ ವ್ಯಂಜನಕ್ಕೆ 'ಜಜಮ್'.

ಗೆರೆ ಸಣ್ಣದಾದರೂ ಪರಿಣಾಮ ಸಣ್ಣದಲ್ಲ. ಕ, ತ, ಬ ಎಂಬ ಮೂರೇ ಅಕ್ಷರಗಳನ್ನು 'ಕತಬ' ಎಂದು ಓದಿದರೆ 'ಅವನು ಬರೆದನು'. 'ಕುತಿಬ' ಎಂದರೆ 'ಬರೆಯಲ್ಪಟ್ಟಿತು'. 'ಕುತುಬ್' ಎಂದರೆ 'ಪುಸ್ತಕಗಳು'. 7ನೆಯ ಶತಮಾನದಲ್ಲಿ ಬಸರಾದ ಅಬುಲ್ ಅಸ್ವದ್ ಎಂಬ ವಿದ್ವಾಂಸರು, ಕುರಾನಿನ ವಾಕ್ಯವೊಂದರಲ್ಲಿ ಸ್ವರ ತಪ್ಪಿ ಅರ್ಥವೇ ತಲೆಕೆಳಗಾದುದನ್ನು ಕೇಳಿ, ಚುಕ್ಕೆಗಳಿಂದ ಸ್ವರ ಗುರುತಿಸಲು ತೊಡಗಿದರೆಂದು ಪ್ರತೀತಿ. ಇಂದಿನ ರೂಪಗಳನ್ನು 8ನೆಯ ಶತಮಾನದ ಖಲೀಲ್ ಇಬ್ನ್ ಅಹಮದರು ತಂದರೆನ್ನುತ್ತಾರೆ.

ಇದು ನಮಗೆ ತೀರ ದೂರದ ಮಾತೇನೂ ಅಲ್ಲ. ನಾವು ದಿನವೂ ಹೇಳುವ 'ಹಾನಗಲ್ಲ ತಾಲ್ಲೂಕಿ'ನ ತಾಲ್ಲೂಕು, ಸಂಬಂಧವೆಂಬರ್ಥದ ಅರಬ್ಬಿಯ 'ತಅಲ್ಲುಕ್'. ಅಲ್ಲಿಯ ಲಕಾರಕ್ಕೆ ತಶ್ದೀದೂ ಉಂಟು, ಪೇಶೂ ಉಂಟು. 'ಹುಕುಂ' ಅಲ್ಲಿ 'ಹುಕ್ಮ್'. ಜಜಮ್ ಹೊತ್ತ ಕಕಾರಕ್ಕೆ ನಾವು ಕೊಂಬನ್ನಿತ್ತು ನಮ್ಮದಾಗಿಸಿಕೊಂಡೆವು.

ಇನ್ನು ಬೆರಳಚ್ಚು. ಗಣಕಯಂತ್ರದಲ್ಲಿ ಮೊದಲು ಅಕ್ಷರ, ಅನಂತರ ಚಿಹ್ನೆ, ಇದೊಂದೇ ಸೂತ್ರ. ಸಾಮಾನ್ಯವಾದ 'ಅರಬ್ಬೀ 101' ಕೀಲಿಮಣೆಯಲ್ಲಿ ಶಿಫ್ಟ್ ಒತ್ತಿಹಿಡಿದು ಇಂಗ್ಲಿಷಿನ ಕ್ಯೂ ಇರುವ ಕೀಲಿಯನ್ನೊತ್ತಿದರೆ ಜಬರ್, ಎ ಒತ್ತಿದರೆ ಜೇರ್, ಇ ಒತ್ತಿದರೆ ಪೇಶ್, ಎಕ್ಸ್ ಒತ್ತಿದರೆ ಜಜಮ್. 1ರ ಎಡಗಡೆಯ ಕೀಲಿಯಲ್ಲಿ ತಶ್ದೀದ್.

ಆದರೆ ಒಂದು ಮಾತು. ಚಿಹ್ನೆಯು ನಾಲಗೆಗೆ ದಾರಿ ತೋರುತ್ತದೆಯೇ ಹೊರತು ಮನಸ್ಸಿಗೆ ಅರ್ಥವನ್ನು ತಾರದು. ಮಗು ತಡೆಯಿಲ್ಲದೆ ಓದಿತೆಂದು ಹಿಗ್ಗುವ ತಂದೆತಾಯಿಗಳು, ದಿನಕ್ಕೊಂದು ಪದದ ಅರ್ಥವನ್ನೂ ಕೇಳಿ ತಿಳಿಸಿದರೆ ಆ ಓದು ಪೂರ್ಣವಾದೀತು. ತಾಲ್ಲೂಕಿನಿಂದಲೇ ಆರಂಭಿಸಬಹುದಲ್ಲ!