ಹೊಸ ಎಡಿಷನ್ ಬಂತು ಸರಿ, ಕೇಳಿದ್ದು ಯಾರು?

📌 1/6

"ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ ತಗೊಂಡ್ಯಾ?" ಅಂತ ಕ್ಲಾಸಲ್ಲಿ ಸಿಕ್ಕಸಿಕ್ಕವರೆಲ್ಲ ಕೇಳ್ತಿದ್ದಾರೆ. ಇಲ್ಲ. ತಗೊಳ್ಳೋದೂ ಇಲ್ಲ. ಯಾಕೆ ಅಂತ ಆರು ಪೋಸ್ಟಲ್ಲಿ ಬರೀತೀನಿ. ಪೂರ್ತಿ ಓದಿ, ಆಮೇಲೆ ಕಾಮೆಂಟಲ್ಲಿ ಜಗಳಕ್ಕೆ ಬನ್ನಿ.

ಹೊಸದಾಗಿ ಫಾಲೋ ಮಾಡಿದವರಿಗೆ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದ್ರೆ ಟೇಬಲ್ ಸುತ್ತ ಕೂತು ಆಡೋ ಕಥೆಯ ಆಟ. ಒಬ್ಬರು ಡಂಜನ್ ಮಾಸ್ಟರ್, ಅಂದ್ರೆ ಡಿಎಂ. ಊರು, ಕಾಡು, ರಾಕ್ಷಸರು ಎಲ್ಲಾ ಅವರ ಜವಾಬ್ದಾರಿ. ಉಳಿದವರಿಗೆ ಒಂದೊಂದು ಪಾತ್ರ. ಏನು ಮಾಡ್ತೀವಿ ಅಂತ ನಾವು ಬಾಯಲ್ಲಿ ಹೇಳ್ತೀವಿ, ಆಗುತ್ತೋ ಇಲ್ಲವೋ ಅಂತ ದಾಳ ಹೇಳುತ್ತೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನ ಹೊರತಂದರು. ಆಮೇಲೆ ನಿಯಮದ ಪುಸ್ತಕ ಮತ್ತೆ ಮತ್ತೆ ಬದಲಾಗಿದೆ. 2000ದಲ್ಲಿ ಮೂರನೇ ಆವೃತ್ತಿ, ಮೂರೇ ವರ್ಷಕ್ಕೆ ಮೂರೂವರೆ, 2008ರಲ್ಲಿ ನಾಲ್ಕು, 2014ರಲ್ಲಿ ಐದು. 2024ರಲ್ಲಿ ಐದನ್ನೇ ತಿದ್ದಿ ಇನ್ನೊಂದು ಪುಸ್ತಕ.

ಮುಖ್ಯ ಪುಸ್ತಕ ಮೂರು. ಒಂದೊಂದು 49.99 ಡಾಲರ್. ಡಾಲರಿಗೆ 84 ರೂಪಾಯಿ ಅಂತ ಹಿಡಿದರೆ ಹನ್ನೆರಡೂವರೆ ಸಾವಿರ. ನಮ್ಮಲ್ಲಿ ಕೆಲವರಿಗೆ ಅದು ಮೂರು ತಿಂಗಳ ಮೆಸ್ ಬಿಲ್ ಕಣ್ರೋ.

📌 2/6

"ಆಟಗಾರರು ಕೇಳಿದ್ರು, ಕಂಪನಿ ಕೊಡ್ತು" ಅನ್ನೋ ವಾದ ಇದೆ. ಹಿಂದೆ ಆಗಿದ್ದನ್ನ ನೋಡಿ.

2008ರ ನಾಲ್ಕನೇ ಆವೃತ್ತಿ ಕೆಟ್ಟ ಆಟ ಅಲ್ಲ. ಹೊಡೆದಾಟ ಮಜವಾಗಿತ್ತು, ಡಿಎಂಗೆ ತಯಾರಿ ಸುಲಭ ಇತ್ತು. ಆದ್ರೂ ಎಷ್ಟೋ ಜನ ಅದರ ಹಿಂದೆ ಹೋಗಲಿಲ್ಲ. ಯಾಕಂದ್ರೆ ಅವರು ವರ್ಷಗಟ್ಟಲೆ ಆಡ್ತಿದ್ದ ಆಟಕ್ಕೆ ಪುಸ್ತಕ ಬರೋದೇ ನಿಂತುಹೋಯ್ತು. ಆಗ ಪೈಜೋ ಅನ್ನೋ ಸಣ್ಣ ಕಂಪನಿ ಏನು ಮಾಡ್ತು? ಹಳೇ ಮೂರೂವರೆಯ ನಿಯಮಗಳನ್ನೇ ತಿದ್ದಿ 2009ರಲ್ಲಿ ಪಾತ್‌ಫೈಂಡರ್ ಅಂತ ಹೊರತಂತು. ಜನ ಮುಗಿಬಿದ್ದು ತಗೊಂಡ್ರು.

ಅಂದ್ರೆ ದೊಡ್ಡ ಕಂಪನಿ ಹೊಸದು ಕೊಟ್ಟಾಗ ಜನ ದುಡ್ಡು ಕೊಟ್ಟಿದ್ದು ಹಳೇದಕ್ಕೆ. ಪೈಜೋಗೆ ಇದು ಸಾಧ್ಯ ಆಗಿದ್ದು 2000ದಲ್ಲಿ ಬಂದಿದ್ದ ಓಜಿಎಲ್ ಅನ್ನೋ ಮುಕ್ತ ಪರವಾನಗಿಯಿಂದ. ನಿಯಮಗಳ ತಿರುಳು ಇಟ್ಕೊಂಡು ಯಾರು ಬೇಕಾದ್ರೂ ಪುಸ್ತಕ ಮಾಡಿ ಮಾರಬಹುದು ಅಂತ ಅದರಲ್ಲಿತ್ತು. ಈ ಹೆಸರು ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

📌 3/6

"ಸರ್ವೇ ಮಾಡಿದ್ರಲ್ಲಾ ಗುರೂ!"

ಮಾಡಿದ್ರು. ಐದನೇ ಆವೃತ್ತಿಗೆ 2012ರಿಂದ ಸಾರ್ವಜನಿಕ ಪರೀಕ್ಷೆ ನಡೀತು. 1,75,000ಕ್ಕೂ ಹೆಚ್ಚು ಜನ ಆಡಿ ನೋಡಿದ್ರು ಅಂತ ಪುಸ್ತಕದಲ್ಲೇ ಧನ್ಯವಾದ ಹೇಳಿದಾರೆ. 2022ರಿಂದ ಮತ್ತೆ ಅದೇ ಥರ. ಡ್ರೂಯಿಡ್ ಪ್ರಾಣಿಯ ರೂಪ ತಾಳೋಕೆ ರೆಡಿಮೇಡ್ ಅಚ್ಚು ಕೊಟ್ಟರು, ಜನ ಬೇಡ ಅಂದ್ರು, ಕೈಬಿಟ್ರು. ವಾರ್ಲಾಕ್‌ನ ಮಂತ್ರಗಳ ಲೆಕ್ಕ ಬದಲಾಯಿಸಿದ್ರು, ಜನ ಗಲಾಟೆ ಮಾಡಿದ್ರು, ಹಳೇದಕ್ಕೇ ವಾಪಸ್ ಬಂದ್ರು.

ಒಳ್ಳೇದೇ. ಆದ್ರೆ ಸರ್ವೇಲಿ ಏನು ಕೇಳ್ತಾರೆ ಅನ್ನೋದನ್ನೂ ನೋಡಿ. "ಡ್ರೂಯಿಡ್ ಹಿಂಗಿರಲಾ, ಹಂಗಿರಲಾ?" ಅಂತ ಕೇಳ್ತಾರೆ. "ನಿನ್ನ ಹತ್ರ ಇರೋ ಪುಸ್ತಕ ಸಾಕಾಗಲ್ವಾ?" ಅನ್ನೋ ಪ್ರಶ್ನೆಗೆ ಟಿಕ್ ಹಾಕೋ ಜಾಗಾನೇ ಇರಲ್ಲ. ಇಡ್ಲಿ ಬೇಕಾ ವಡೆ ಬೇಕಾ ಅಂತ ಪ್ರೀತಿಯಿಂದ ಕೇಳ್ತಾರೆ. ಊಟ ಆಗಿದೆಯಾ ಅಂತ ಯಾರೂ ಕೇಳಲ್ಲ. ಸಣ್ಣ ವಿಷಯಕ್ಕೆ ನಮ್ಮ ಮಾತು ಕೇಳಿ, ದೊಡ್ಡ ವಿಷಯ ತಾವೇ ತೀರ್ಮಾನ ಮಾಡೋದಕ್ಕೆ ನಮ್ಮ ಕಡೆ ಮೂಗಿಗೆ ತುಪ್ಪ ಸವರೋದು ಅಂತಾರೆ.

📌 4/6

ಈಗ ಅಸಲಿ ವಿಷಯ. 2022ರ ಡಿಸೆಂಬರ್‌ನಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್‌ನ ಅಂದಿನ ಮುಖ್ಯಸ್ಥೆ ಸಿಂಥಿಯಾ ವಿಲಿಯಮ್ಸ್ ಹೂಡಿಕೆದಾರರ ಮುಂದೆ, ಈ ಬ್ರ್ಯಾಂಡಿನಿಂದ ಬರಬೇಕಾದಷ್ಟು ಹಣ ಬರ್ತಿಲ್ಲ ಅನ್ನೋ ಅರ್ಥದ ಮಾತಾಡಿದ್ರು. ಆಡೋರಲ್ಲಿ ಡಿಎಂಗಳು ಸುಮಾರು 20%, ಆದ್ರೆ ಹೆಚ್ಚು ದುಡ್ಡು ಕೊಡೋರು ಅವರೇ ಅಂತಾನೂ ಹೇಳಿದ್ರು.

ಒಂದು ತಿಂಗಳೊಳಗೆ, 2023ರ ಜನವರಿ 5ಕ್ಕೆ, ಹೊಸ ಓಜಿಎಲ್ ಕರಡು ಸೋರಿಕೆ ಆಯ್ತು. ಹಳೇ ಮುಕ್ತ ಪರವಾನಗಿ ಇನ್ನು ಲೆಕ್ಕಕ್ಕಿಲ್ಲ. ವರ್ಷಕ್ಕೆ 7,50,000 ಡಾಲರ್ ಮೇಲೆ ಗಳಿಸಿದ್ರೆ, ಆ ಮೇಲಿನದ್ದರಲ್ಲಿ 25% ರಾಯಲ್ಟಿ. ನೀನು ಬರೆದಿದ್ದನ್ನ ಕಂಪನಿ ಬಳಸಬಹುದು, ಎಂದೆಂದಿಗೂ. ಇದಕ್ಕೆ ಯಾವ ಸರ್ವೇನೂ ಮೊದಲು ಇರಲಿಲ್ಲ!

ಜನ ಸುಮ್ಮನಿರಲಿಲ್ಲ. ಡಿ ಅಂಡ್ ಡಿ ಬಿಯಾಂಡ್ ಆ್ಯಪ್‌ನ ಚಂದಾ ರದ್ದು ಮಾಡೋಕೆ ಶುರು ಮಾಡಿದ್ರು. ಆಮೇಲೆ ಕಂಪನಿ ಕರಡು ತಿದ್ದಿ ಸರ್ವೇ ಇಟ್ಟಿತು. 15,000ಕ್ಕೂ ಹೆಚ್ಚು ಉತ್ತರ ಬಂತು. 88% ಜನ ಇದರಡಿ ನಾವು ಏನೂ ಪ್ರಕಟಿಸಲ್ಲ ಅಂದ್ರು. ಜನವರಿ 27ಕ್ಕೆ ಕಂಪನಿ ಪೂರ್ತಿ ಹಿಂದೆ ಸರೀತು. ಹಳೇ ಓಜಿಎಲ್ ಹಾಗೇ ಉಳೀತು. ಜೊತೆಗೆ ಎಸ್‌ಆರ್‌ಡಿ 5.1, ಅಂದ್ರೆ ಐದನೇ ಆವೃತ್ತಿಯ ಮೂಲ ನಿಯಮಗಳ ದಸ್ತಾವೇಜು, ಕ್ರಿಯೇಟಿವ್ ಕಾಮನ್ಸ್ ಅಡಿ ಎಲ್ಲರಿಗೂ ಬಂತು. ಆ ಪರವಾನಗಿಯನ್ನ ವಾಪಸ್ ತಗೊಳ್ಳೋಕೆ ಬರಲ್ಲ.

ಹತ್ತು ವರ್ಷದಲ್ಲಿ ಆಟಗಾರರಿಗೆ ಸಿಕ್ಕ ಅತಿ ದೊಡ್ಡ ಲಾಭ ಇದೇ ಅಂತೀನಿ. ಇದು ಬಂದಿದ್ದು ಹೊಸ ಎಡಿಷನ್ ಇಂದ ಅಲ್ಲ, ಜಗಳದಿಂದ.

📌 5/6

ಬುದ್ಧಿ ಬಂತಾ? 2024ರ ಆಗಸ್ಟ್‌ನಲ್ಲಿ ಅದೇ ಆ್ಯಪ್ ಇನ್ನೊಂದು ಪ್ರಕಟಣೆ ಕೊಡ್ತು. ಹೊಸ ಪುಸ್ತಕ ಬಂದಮೇಲೆ ನಿಮ್ಮ ಕ್ಯಾರೆಕ್ಟರ್ ಶೀಟಲ್ಲಿರೋ ಹಳೇ ಮಂತ್ರಗಳು, ಮಾಯಾ ವಸ್ತುಗಳು ಹೊಸ ಆವೃತ್ತಿಗೆ ಬದಲಾಗುತ್ತವೆ. ಹಳೇದೇ ಬೇಕು ಅಂದ್ರೆ ನೀವೇ ಕೈಯಾರೆ ಟೈಪ್ ಮಾಡ್ಕೊಳ್ಳಿ. ದುಡ್ಡು ಕೊಟ್ಟು ಕೊಂಡಿದ್ದು! ಮತ್ತೆ ಗಲಾಟೆ, ಕೆಲವೇ ದಿನದಲ್ಲಿ ಮತ್ತೆ ವಾಪಸ್.

ಕಪಾಟಲ್ಲಿರೋ ಪುಸ್ತಕದೊಳಗೆ ಯಾರೂ ರಾತ್ರಿ ಬಂದು ಪುಟ ಬದಲಾಯಿಸಲ್ಲ. ಆ್ಯಪಲ್ಲಿ ಬದಲಾಯಿಸಬಹುದು. ನನಗೆ ಭಯ ಇರೋದು ಇದಕ್ಕೇ.

"ಹೊಸದರಲ್ಲಿ ಫೈಟರ್‌ಗೆ ವೆಪನ್ ಮಾಸ್ಟರಿ ಸಿಕ್ಕಿದೆ, ಚೆನ್ನಾಗಿದೆ" ಅಂತೀರಾ? ಒಪ್ತೀನಿ, ಚೆನ್ನಾಗೇ ಇದೆ. ಅದನ್ನ ಎರಡು ಪುಟದ ಪಿಡಿಎಫ್‌ನಲ್ಲಿ ಕೊಡಬಹುದಿತ್ತು. "ಕಂಪನಿ ಬದುಕಬೇಕಲ್ವಾ?" ಬದುಕಲಿ. ಹೊಸ ಕಥೆ ಮಾರಲಿ, ನಕ್ಷೆ ಮಾರಲಿ. ಇರೋ ನಿಯಮವನ್ನೇ ತಿದ್ದಿ ಮತ್ತೆ ನಮ್ಮ ತಲೆಗೆ ಕಟ್ಟೋದು ಯಾಕೆ?

📌 6/6

ಹಂಗಾದ್ರೆ ಆಟಗಾರರಿಗೆ ಬೇಕಿರೋದು ಏನು? ನಾನು ನೋಡಿದಂಗೆ ಮೂರು.

ಒಂದು, ಡಿಎಂ ಆಗೋಕೆ ಒಬ್ಬರು. ಐದು ಜನ ಆಡೋಕೆ ರೆಡಿ, ನಡೆಸೋಕೆ ಯಾರೂ ಇಲ್ಲ. ಎಲ್ಲಾ ಕಡೆ ಇದೇ ಕಥೆ.
ಎರಡು, ಎಲ್ಲರಿಗೂ ಬಿಡುವಿರೋ ಒಂದು ಭಾನುವಾರ.
ಮೂರು, ಇವತ್ತು ಕಲಿತ ನಿಯಮ ಇನ್ನು ಹತ್ತು ವರ್ಷಕ್ಕೂ ನಮ್ಮದೇ ಆಗಿರುತ್ತೆ ಅನ್ನೋ ಧೈರ್ಯ.

ಇವು ಮೂರೂ ಹನ್ನೆರಡೂವರೆ ಸಾವಿರಕ್ಕೆ ಸಿಗಲ್ಲ.

ಚೌಕಾಬಾರಕ್ಕೆ ನಮ್ಮ ಅಜ್ಜಿಯರು ಯಾವ ಎಡಿಷನ್ ಕೊಂಡಿದ್ರು? ನೆಲದ ಮೇಲೆ ಮನೆ ಬರೆದ್ರು, ಕವಡೆ ಹಾಕಿದ್ರು. ಒಂದು ಕಾಯಾದ್ರೂ ಕಡೀದೆ ಒಳಗೆ ಹೋಗಂಗಿಲ್ಲ ಅಂತ ಒಬ್ಬರ ಮನೇಲಿ, ಪರವಾಗಿಲ್ಲ ಹೋಗು ಅಂತ ಇನ್ನೊಬ್ಬರ ಮನೇಲಿ. ಆಟ ಯಾರದ್ದು ಅಂತ ಯಾರೂ ಕೇಳಲಿಲ್ಲ, ಆಡೋರದ್ದು ಅಷ್ಟೇ.

ಈಗ ನಮ್ಮ ಕೈಲೂ ಅಂಥದ್ದೊಂದು ಇದೆ. ಎಸ್‌ಆರ್‌ಡಿ 5.1 ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್‌ಗೆ ಕಂಪನಿಯೇ ಅನುವಾದ ಮಾಡಿಸಿದೆ. ಕನ್ನಡಕ್ಕೆ ಅವರು ಮಾಡಲಿ ಅಂತ ಕಾಯೋದು ಬೇಡ. ಮೂಲ ಯಾರದ್ದು ಅಂತ ಹೆಸರು ಹಾಕಿದ್ರೆ ಸಾಕು, ನಾವೇ ಮಾಡಬಹುದು, ಹಂಚಬಹುದು, ಮಾರಲೂಬಹುದು. ಅದರಲ್ಲಿ ಪೂರ್ತಿ ಪುಸ್ತಕ ಇಲ್ಲ, ಒಂದೊಂದು ಕ್ಲಾಸಿಗೆ ಒಂದೊಂದೇ ಸಬ್‌ಕ್ಲಾಸ್ ಇದೆ. ಒಂದು ಸೆಮಿಸ್ಟರ್ ಆಡೋಕೆ ಧಾರಾಳ ಸಾಕು.

ಮೊದಲು ಕಂಡೀಷನ್‌ಗಳಿಂದ ಶುರು ಮಾಡೋಣ. ಒಟ್ಟು ಹದಿನೈದಿವೆ. ಪ್ರೋನ್ ಅಂದ್ರೆ ಮಕಾಡೆ ಬಿದ್ದಿರೋದು. ಗ್ರ್ಯಾಪಲ್ಡ್ ಅಂದ್ರೆ ಪಟ್ಟಿಗೆ ಸಿಕ್ಕಿರೋದು, ಗರಡಿ ಮನೆ ಮಾತು. ಎರಡು ಆಯ್ತು, ಹದಿಮೂರು ಬಾಕಿ. ನಿಮ್ಮೂರ ಕಡೆ ಏನಂತಾರೋ ಹಾಗೇ ಕಾಮೆಂಟಲ್ಲಿ ಹಾಕಿ. ಡಿಎಂ ಆಗೋಕೆ ಧೈರ್ಯ ಇರೋರು ಡಿಎಂ ಮಾಡಿ. ಎರಡೂ ಅರ್ಥದಲ್ಲಿ. 🎲

#ಡಿಅಂಡ್‌ಡಿ #ಟೇಬಲ್‌ಟಾಪ್ #ಕನ್ನಡದಲ್ಲಿಆಡೋಣ #ಹಳೇಎಡಿಷನ್‌ಸಾಕು